ಬೆಂಗಳೂರಿನಲ್ಲಿ ಮನೆ ಕಸದ ವಿಂಗಡಣೆ
ಬೆಂಗಳೂರಿನಲ್ಲಿ ಮನೆಯ ಕಸವನ್ನು ಮೂಲದಲ್ಲಿಯೇ ಬೇರ್ಪಡಿಸುವ ಪದ್ಧತಿ ಬೇರೂರಲು ಹೊರವಲಯದ ಹಳ್ಳಿಗಳ ಪ್ರತಿಭಟನೆಯೇ ಮುಖ್ಯ ಕಾರಣ. 2012ರಲ್ಲಿ ಗ್ರಾಮಸ್ಥರ ವಿರೋಧದಿಂದ ಮಾವಳ್ಳಿಪುರದ ಕಸ ವಿಲೇವಾರಿ ನಿಂತು, ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಿತು. ಅದೇ ಅಕ್ಟೋಬರ್‌ನಿಂದ ಬಿಬಿಎಂಪಿ ವಿಂಗಡಣೆಯನ್ನು ಕಡ್ಡಾಯಗೊಳಿಸಿತು. ಮಂಡೂರಿನ ಜನರ ಹೋರಾಟದ ಫಲವಾಗಿ 2014ರ ಕೊನೆಗೆ ಅಲ್ಲಿಗೂ ಕಸದ ಸಾಗಣೆ ನಿಂತಿತು.

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ‘ಎರಡು ಬುಟ್ಟಿ, ಒಂದು ಚೀಲ’ ಕ್ರಮವನ್ನು ವಿಧಿಸಿತು. ಹಸಿರು ಬುಟ್ಟಿಗೆ ಅಡುಗೆಮನೆಯ ಹಸಿ ಕಸ. ಕೆಂಪು ಬುಟ್ಟಿಗೆ ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜು ಮುಂತಾದವು. ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಗಾಜು, ಲೋಹ. ಎಂಜಲು ತಗುಲಿದ ಕಾಗದವು ಮರುಬಳಕೆಗೆ ಬಾರದು. ಹಾಲಿನ ಪೊಟ್ಟಣವನ್ನೂ ತೊಳೆದು ಒಣಗಿಸಿಯೇ ಚೀಲಕ್ಕೆ ಹಾಕಬೇಕು. ಬೆರೆತ ಕಸವನ್ನು ಪೌರಕಾರ್ಮಿಕರು, ಚಿಂದಿ ಆಯುವವರು ಕೈಯಿಂದಲೇ ಆರಿಸಬೇಕಾಗುತ್ತದೆ. ಒಡೆದ ಗಾಜು, ಬ್ಲೇಡು, ಸೂಜಿಗಳಿಂದ ಗಾಯಗೊಳ್ಳುವವರೂ ಅವರೇ.