ನೀಲಗಿರಿಯ ಮಕ್ಕಳ ರಕ್ತ: ಕೇಳಿದ ಪ್ರಶ್ನೆ, ಕೇಳದ ಪ್ರಶ್ನೆ

‘ಮೈಯಲ್ಲಿ ರಕ್ತ ಕಡಿಮೆ’ ಎಂಬುದು ಕನ್ನಡದ ಮನೆಮಾತು. ಬಿಳಿಚಿಕೊಂಡು, ಆಟಕ್ಕೆ ಹೋಗದೆ ಜಗಲಿಯಲ್ಲೇ ಕುಳಿತ ಮಗುವನ್ನು ಕಂಡಾಗ ಬರುವ ಈ ಮಾತಿನಲ್ಲಿ ನಿದಾನವೂ ಇದೆ, ಚಿಕಿತ್ಸೆಯೂ ಇದೆ: ಕಡಿಮೆಯಾದುದನ್ನು ಉಣಿಸಿ ತುಂಬಬೇಕು. ಬಡಗದಂತಹ ಕನ್ನಡಕ್ಕೆ ಹತ್ತಿರದ ನುಡಿಗಳು ಬಾಳಿಕೊಂಡು ಬಂದಿರುವ ನೀಲಗಿರಿಯಲ್ಲಿ ಈ ತಿಳಿವಳಿಕೆ ಅರ್ಧಸತ್ಯ ಮಾತ್ರ. ಅದು ಹೊರಬಿದ್ದದ್ದು ಕಳೆದ ಶತಮಾನದ ಎರಡು ಬೇರೆ ಬೇರೆ ವಿಚಾರಣೆಗಳಿಂದ.

ಮೊದಲನೆಯದು ಅನ್ನದ ಪ್ರಶ್ನೆ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ಕುರಿತ ಸಂಶೋಧನೆಯನ್ನು ಆರಂಭಿಸಿದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. 1930ರ ದಶಕದಲ್ಲಿ ಐಕ್ರಾಯ್ಡ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಭಾರತದ ಶಾಲಾಮಕ್ಕಳ ಪೋಷಣೆಯನ್ನು ಅಳೆದದ್ದು ಎತ್ತರ, ತೂಕ, ಕಣ್ಣು, ಬಾಯಿಯ ಅಂಚು, ಚರ್ಮಗಳನ್ನು ನೋಡಿ. ರಕ್ತವನ್ನು ನೋಡಿದವರು ಲೂಸಿ ವಿಲ್ಸ್. ಮುಂಬಯಿಯ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಕೂನೂರಿನಲ್ಲಿಯೂ ಕೆಲಸ ಮಾಡಿದ ಈಕೆ, ಯೀಸ್ಟಿನ ಸಾರವಾದ ಮಾರ್ಮೈಟ್ ಆ ರೋಗವನ್ನು ಗುಣಪಡಿಸುವುದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಅಂಶ ಫೋಲೇಟ್ ಎಂಬುದು ಆಮೇಲೆ ಖಚಿತವಾಯಿತು.

ಎರಡನೆಯದು ಕುಲದ ಪ್ರಶ್ನೆ. 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಶ್ ನೀಲಗಿರಿಯ ಸಮುದಾಯಗಳಲ್ಲಿ ಕುಡುಗೋಲು ಕಣದ ಲಕ್ಷಣವನ್ನು ವರದಿ ಮಾಡಿದರು. ಭಾರತದಿಂದ ಬಂದ ಮೊದಲ ವರದಿಗಳಲ್ಲಿ ಅದೂ ಒಂದು. ಆದರೆ ಅವರ ಕುತೂಹಲ ‘ವೆಡ್ಡಾಯಿಡ್’ ಎಂದು ಆಗ ಕರೆಯಲಾಗುತ್ತಿದ್ದವರ ಜನಾಂಗಮೂಲದ ಕುರಿತಾದುದು. ರಕ್ತ ಕೊಟ್ಟವರು ವಂಶದ ಪುರಾವೆಯಾದರು. ಕೈಕಾಲಿನ ನೋವಿಗೆ ರಾತ್ರಿಯಿಡೀ ಅಳುವ ಮಗು ಆ ಪ್ರಶ್ನೆಯೊಳಗೆ ಇರಲಿಲ್ಲ.

ಹಿಮೋಗ್ಲೋಬಿನ್ನಿನ ಅಂಕಿಯೊಂದೇ ಹಸಿವನ್ನೂ ಆನುವಂಶಿಕತೆಯನ್ನೂ ಬೇರ್ಪಡಿಸಲಾರದು. ಫೆರಿಟಿನ್ ಕಬ್ಬಿಣದ ಸಂಗ್ರಹವನ್ನು ಹೇಳುತ್ತದೆ (ಸೋಂಕಿದ್ದರೆ ಅದೂ ದಾರಿ ತಪ್ಪಿಸುತ್ತದೆ). ಎಲೆಕ್ಟ್ರೊಫೊರೆಸಿಸ್ ಹಿಮೋಗ್ಲೋಬಿನ್ನಿನ ಬಗೆಯನ್ನು ಹೇಳುತ್ತದೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನವರ ಪೈಕಿ ಶೇ. 28 ಮಂದಿಗೆ ರಕ್ತಹೀನತೆ, ಶೇ. 22 ಮಂದಿಗೆ ಕಬ್ಬಿಣದ ಕೊರತೆ ಕಂಡಿತು. ಇವರೂ ಅವರೂ ಒಂದೇ ಗುಂಪಿನವರಲ್ಲ.

ರೋಗವಿರುವ ಮಗುವಿನಲ್ಲಿ ಎರಡೂ ಪ್ರಶ್ನೆಗಳು ಕೂಡಿಕೊಳ್ಳುತ್ತವೆ. ಕೆಂಪುಕಣಗಳು ಬೇಗ ಒಡೆಯುವುದರಿಂದ ಫೋಲೇಟ್ ಹೆಚ್ಚು ಬೇಕು, ಅನ್ನವೂ ಹೆಚ್ಚು ಬೇಕು. ಬೆಳವಣಿಗೆಯೂ ಪ್ರೌಢತೆಯೂ ಹಿಂದೆ ಬೀಳುತ್ತವೆ. ಪದೇ ಪದೇ ರಕ್ತ ಪಡೆದ ಮಗುವಿಗಾದರೋ ಪರೀಕ್ಷಿಸದೆ ಕೊಟ್ಟ ಕಬ್ಬಿಣವೇ ಹೊರೆಯಾಗಬಹುದು. ಬಣ್ಣ ನೋಡಿ ತೀರ್ಪು ಕೊಡುವಲ್ಲಿ ಮಾತ್ರ ‘ಸರಿಯಾಗಿ ಉಣಿಸಿಲ್ಲ’ ಎಂಬ ಅಪವಾದ ತಾಯಿಯ ಪಾಲಿಗೆ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆಯನ್ನು ಕೈಗೊಂಡಿದೆ. ಅಲ್ಲಿ ಆ ಹಳೆಯ ಮನೆಮಾತು ಸಾಲದು. ತಂದೆ ಅಥವಾ ತಾಯಿ ಒಬ್ಬರಿಂದಷ್ಟೇ ಲಕ್ಷಣ ಪಡೆದ ಹುಡುಗಿಗೆ ಸಾಮಾನ್ಯವಾಗಿ ಕಾಯಿಲೆಯಿಲ್ಲ. ಅವಳ ರಕ್ತ ‘ಕಡಿಮೆ’ಯೂ ಅಲ್ಲ.