ಸಣ್ಣ ಲಾರಿಗೂ ಉಂಟು ತೂಕದ ಕಟ್ಟಳೆ



ಗಾಡಿಗೆ ಮಿತಿಮೀರಿ ಹೇರಿದರೆ ಏರು ಹತ್ತುವಾಗ ಎತ್ತು ನಿಂತುಬಿಡುತ್ತದೆ. ತೂಕ ಹೆಚ್ಚಾಯಿತೆಂದು ಅದೇ ಹೇಳುತ್ತದೆ. ಮೋಟಾರು ಹಾಗಲ್ಲ, ಹೇರಿದಷ್ಟನ್ನೂ ಎಳೆಯಲು ನೋಡುತ್ತದೆ. ಆದ್ದರಿಂದ ಲಾರಿಗೆ ಎಷ್ಟು ಹೇರಬೇಕೆಂಬುದನ್ನು ಕಾನೂನೇ ಹೇಳಬೇಕಾಯಿತು. ಆ ಕಟ್ಟಳೆ ಬೆಳೆದು ಬಂದ ಬಗೆಯನ್ನು ನೋಡೋಣ.

ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆ ಲಾರಿಯ ತೂಕಕ್ಕೆ ಮಿತಿ ಹಾಕಿತು. ದಾರಿಯಲ್ಲಿ ನಿಲ್ಲಿಸಿ ತೂಗಿಸುವ ಅಧಿಕಾರವನ್ನೂ ಕೊಟ್ಟಿತು. ಅದರ ಜಾಗಕ್ಕೆ 1988ರ ಕಾಯಿದೆ ಬಂತು. ಗಾಡಿ, ಸರಕು ಎರಡೂ ಸೇರಿ 6,000 ಕಿಲೊ ಮೀರದ್ದು ಹಗುರ ವಾಹನವೆಂದು ಅದು ಹೇಳಿತ್ತು. 1994ರ ತಿದ್ದುಪಡಿ ಇದನ್ನು 7,500 ಕಿಲೊಗೆ ಏರಿಸಿತು. ಪೇಟೆಗೆ ಟೊಮೇಟೊ, ಎಲೆಕೋಸು ಒಯ್ಯುವ ಎಷ್ಟೋ ಸಣ್ಣ ಗಾಡಿಗಳು ಈ ಲೆಕ್ಕಕ್ಕೇ ಸೇರುತ್ತವೆ.

“ಸಣ್ಣ ಗಾಡೀನ ಯಾರು ತೂಗ್ತಾರೆ, ಬಿಡಿ” ಅನ್ನುವವರುಂಟು. ಕಾಯಿದೆಯಲ್ಲಿ ಅಂಥ ರಿಯಾಯಿತಿ ಇಲ್ಲ. ಸಂಶಯ ಬಂದರೆ, ಮುಂದಿನ ದಾರಿಯಿಂದ 10 ಕಿಲೊಮೀಟರಿನೊಳಗೆ, ಇಲ್ಲವೆ ತಲುಪುವ ಊರಿನಿಂದ 20 ಕಿಲೊಮೀಟರಿನೊಳಗೆ ಇರುವ ವೇಬ್ರಿಡ್ಜಿಗೆ ಗಾಡಿ ತನ್ನಿರೆಂದು ಅಧಿಕಾರಿ ಹೇಳಬಹುದು.

ಮೊದಮೊದಲು ದಂಡ ಕಟ್ಟಿ, ಹೊರೆ ಇಳಿಸದೆ ಹೊರಟುಹೋಗುವ ರೂಢಿಯಿತ್ತು. ದಂಡ ಕಟ್ಟಿದರೂ ಹೆಚ್ಚಿನ ಹೊರೆ ಇಳಿಸಲೇಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರ ತಿದ್ದುಪಡಿ, ಕಾಯಿದೆಯಲ್ಲಿ 2,000 ರೂಪಾಯಿ ಇದ್ದ ದಂಡವನ್ನು 20,000ಕ್ಕೆ ಏರಿಸಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000 ಸೇರಿಸಿತು. ತೂಗಿಸಲು ಒಪ್ಪದ ಚಾಲಕನಿಗೆ 40,000. ಹಣವಾದರೂ ಮತ್ತೆ ಬಂದೀತು. ಬಿಸಿಲಲ್ಲಿ ರಸ್ತೆ ಬದಿಗೆ ಇಳಿಸಿದ ಟೊಮೇಟೊ ಪೇಟೆಯ ಹೊತ್ತಿಗೆ ಸೇರೀತೆ?

ಇಷ್ಟೊಂದು ಬಿಗಿ ಏಕೆ? 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸೀಮೆಯಲ್ಲಿ ಪರೀಕ್ಷೆಗೆಂದೇ ರಸ್ತೆ ಮಾಡಿ ಲಾರಿಗಳನ್ನು ಓಡಿಸಿ ನೋಡಿದರು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಸುಮಾರು 16ರಷ್ಟು ಆಗುವುದೆಂದು ಕಂಡಿತು. ಹಾಳಾಗುವುದು ನಮ್ಮೂರಿನ ದಾರಿಯೇ ಅಲ್ಲವೆ?

ಆದ್ದರಿಂದ ಹೇರುವ ಮುಂಚೆ ಆರ್.ಸಿ. ನೋಡಿ. ಬರಿಗಾಡಿ 3,000 ಕಿಲೊ, ಒಟ್ಟು ಮಿತಿ 7,000 ಕಿಲೊ ಎಂದಿದ್ದರೆ ಉಳಿಯುವುದು 4,000 ಕಿಲೊ. ಐವತ್ತು ಕಿಲೊ ಚೀಲವಾದರೆ 80. ಚಾಲಕನ ತೂಕ ಕಳೆದರೆ ಇನ್ನೂ ಒಂದೆರಡು ಕಡಿಮೆ. ಮಾಲನ್ನೆಲ್ಲ ಹಿಂದಕ್ಕೇ ಒಟ್ಟಬೇಡಿ. ಒಟ್ಟು ತೂಕ ಸರಿಯಿದ್ದರೂ ಹಿಂದಿನ ಅಚ್ಚಿನ ಮಿತಿ ಮೀರೀತು.

ಎತ್ತಿನ ಮಾತು ಕೇಳಿದವರು ನಾವು. ಲಾರಿಗೆ ಮಾತಿಲ್ಲ, ಅದರ ಪರವಾಗಿ ಲೆಕ್ಕ ಹಾಕುವವರೂ ನಾವೇ ಆಗೋಣ.