ಹದಿನಾರು ಬಗೆಯ ಮನುಷ್ಯರು

ಕಳೆದ ವರ್ಷ ನಮ್ಮ ಕಾಲೇಜಿನ ಅಧ್ಯಾಪಕರಿಗೊಂದು ತರಬೇತಿ ನಡೆಯಿತು. ಬಂದವರು ಪ್ರಶ್ನೆಗಳ ಹಾಳೆಯೊಂದನ್ನು ಕೈಗಿತ್ತರು. ಹತ್ತು ಜನರ ನಡುವೆ ಇರುವುದು ಇಷ್ಟವೋ, ಒಬ್ಬರೇ ಇರುವುದೋ? ನಿಮ್ಮ ತೀರ್ಮಾನಕ್ಕೆ ತರ್ಕ ಮುಖ್ಯವೋ, ಮನಸ್ಸಿನ ಮಾತೋ? ಗುರುತು ಹಾಕಿ ಕೊಟ್ಟದ್ದಾಯಿತು. ಮನುಷ್ಯರಲ್ಲಿ 16 ಬಗೆ, ನಾನು ಅಂತರ್ಮುಖಿಗಳ ಗುಂಪಿನವನು ಎಂದು ತೀರ್ಪು ಬಂತು. ಒಳಗೊಳಗೇ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ. ಸಭೆಗಳಿಂದ ನಾನು ತಪ್ಪಿಸಿಕೊಳ್ಳುವುದು ಸೋಮಾರಿತನವಲ್ಲ, ಸ್ವಭಾವ ಎಂದು ಯಾರೋ ಪ್ರಮಾಣಪತ್ರ ಕೊಟ್ಟಂತಾಗಿತ್ತು.

ಈ ಹದಿನಾರನ್ನು ಹಿಂದೆಲ್ಲೋ ಓದಿದ ನೆನಪು. ಮನೆಗೆ ಬಂದು ಚರಕಸಂಹಿತೆಯನ್ನು ತೆರೆದೆ. ಅದರ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಮನಸ್ಸಿನ ಬಗೆಗಳ ಪಟ್ಟಿಯೊಂದುಂಟು: ಸಾತ್ತ್ವಿಕ 7, ರಾಜಸ 6, ತಾಮಸ 3, ಒಟ್ಟು 16. ಕೊನೆಯ ಮೂರಂತೂ ಪಶು, ಮೀನು, ಮರಗಳ ಸ್ವಭಾವದವು. ಎರಡು ಪಟ್ಟಿಗಳ ಲೆಕ್ಕ ಕೂಡಿ ಬಂದದ್ದು ಕಾಕತಾಳೀಯ; ಎಲ್ಲವೂ ನಮ್ಮಲ್ಲೇ ಇತ್ತೆಂದು ಬೀಗಬೇಕಾದ್ದಿಲ್ಲ. ಪಟ್ಟಿ ಮಾಡಿದವರಿಗೆ ಅದು ಏತಕ್ಕೆ ಬೇಕಾಗಿತ್ತು ಎಂಬುದೇ ವಿಚಾರ ಮಾಡತಕ್ಕ ಮಾತು.

ಚರಕನಿಗೆ ಬೇಕಾದದ್ದು ಚಿಕಿತ್ಸೆಗೆ: ರೋಗಿಯ ಮನಸ್ಸಿಗೆ ಒಗ್ಗುವ ಉಪಚಾರ ನಡೆಯಬೇಕು. ಗ್ರೀಕರ ದಾರಿಯೂ ಅದೇ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಹದ ತಪ್ಪಿದರೆ ರೋಗವೆಂದು ಹಿಪೋಕ್ರಟಿಸನ ಪಂಥದವರು ನಂಬಿದ್ದರು. ಕ್ರಿ. ಶ. 2ನೆಯ ಶತಮಾನದ ವೈದ್ಯ ಗ್ಯಾಲೆನ್ ಆ ವಿಚಾರವನ್ನು ಬೆಳೆಸಿ ದೇಹದ ಹದಕ್ಕೂ ಮನಸ್ಸಿನ ಗುಣಕ್ಕೂ ಗಂಟು ಹಾಕಿದ. ಆ ಶಾಸ್ತ್ರ ಇಂದು ಉಳಿದಿಲ್ಲ. ಪಿತ್ತ ನೆತ್ತಿಗೇರುವುದು ಮಾತ್ರ ನಮ್ಮ ಮಾತಿನಲ್ಲಿ ಇನ್ನೂ ನಿಂತಿಲ್ಲ.

ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗನ ಅಗತ್ಯ ಬೇರೆ. ಫ್ರಾಯ್ಡನೊಡನೆ ಅವನ ಸ್ನೇಹ 1913ರಲ್ಲಿ ಮುರಿಯಿತು. ಒಂದೇ ಬಗೆಯ ಮನೋರೋಗವನ್ನು ಫ್ರಾಯ್ಡ್ ಮತ್ತು ಆ್ಯಡ್ಲರ್ ಇಷ್ಟು ಭಿನ್ನವಾಗಿ ಕಾಣುವುದೇಕೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಭಾಗವನ್ನು ವಿವರಿಸುವ ಅವನ ಗ್ರಂಥ 1921ರಲ್ಲಿ ಹೊರಬಂತು. ಅವನು ಹೇಳಿದ್ದು 8 ಬಗೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಬೆಲ್ ಮೈಯರ್ಸ್ ಇನ್ನೊಂದು ಜೋಡಿಯನ್ನು ಸೇರಿಸಿ ಅದನ್ನು 16 ಮಾಡಿದರು. ಇಬ್ಬರೂ ಮನಶ್ಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯಾರಿಗೆ ಯಾವ ಕೆಲಸ ಹೊಂದೀತೆಂದು ಕಂಡುಕೊಳ್ಳಲು ಹುಟ್ಟಿದ ಪ್ರಶ್ನಾವಳಿಯದು. ಅದರ ಮೊದಲ ಕೈಪಿಡಿ ಅಚ್ಚಾದದ್ದು 1962ರಲ್ಲಿ. ವೈದ್ಯನಿಗೆ ರೋಗಿ ಬೇಕಿತ್ತು, ಯೂಂಗನಿಗೆ ಜಗಳದ ಮೂಲ, ಕಾರ್ಖಾನೆಗೆ ಕೆಲಸಗಾರ. ಅದೇ ಪಟ್ಟಿಯಲ್ಲಿ ನಾನು ಹುಡುಕಿದ್ದು ನನ್ನನ್ನು!

ಎರಡು ತಿಂಗಳ ಮೇಲೆ ಕುತೂಹಲಕ್ಕೆ ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದೆ. ಈ ಸಲ ನಾನು ಬಹಿರ್ಮುಖಿ! ಇದು ನನ್ನೊಬ್ಬನ ಪಾಡಲ್ಲ. ಕೆಲವೇ ವಾರಗಳಲ್ಲಿ ಬಗೆ ಬದಲಾಗುವವರು ಬಹಳ ಮಂದಿ ಎಂದು ಸಂಶೋಧಕರು ತೋರಿಸಿದ್ದಾರೆ. ಐದೂವರೆ ಅಡಿಗೆ ಗೆರೆ ಎಳೆದು ಮೇಲಿನವರೆಲ್ಲ ಎತ್ತರ, ಕೆಳಗಿನವರೆಲ್ಲ ಕುಳ್ಳು ಎಂದರೆ, ಗೆರೆಯ ಹತ್ತಿರ ನಿಂತವರ ಗತಿಯೇನು? ಹೆಚ್ಚಿನವರು ನಿಂತಿರುವುದು ಅಲ್ಲಿಯೇ. ಆದುದರಿಂದಲೇ ಇಂದಿನ ಮನಶ್ಶಾಸ್ತ್ರಜ್ಞರು ಬಗೆಗಳನ್ನು ಬಿಟ್ಟು, ಐದು ಗುಣಗಳು ಒಬ್ಬೊಬ್ಬರಲ್ಲಿ ಎಷ್ಟೆಷ್ಟಿವೆ ಎಂದು ಅಳೆಯಲು ಒಲಿದಿದ್ದಾರೆ. ಚರಕಸಂಹಿತೆಯಲ್ಲಿ ನಾನು ಮೊದಲ ಸಲ ದಾಟಿಹೋಗಿದ್ದ ಮಾತೂ ಇದೇ: ತರತಮದಿಂದಾಗಿ ಮನಸ್ಸಿನ ಭೇದಗಳು ಎಣಿಕೆಗೆ ಸಿಗುವುದಿಲ್ಲ, ಹದಿನಾರು ಬರಿಯ ನಿದರ್ಶನ.

ನನ್ನ ತಲೆಯಲ್ಲೂ ಒಂದು ಪಟ್ಟಿಯಿತ್ತು. ತರಗತಿಯ ಒಬ್ಬ ಹುಡುಗಿಯನ್ನು ಅದರಲ್ಲಿ 'ಮೌನಿ' ಎಂದು ಬರೆದು ಎರಡು ವರ್ಷ ಸುಮ್ಮನಿದ್ದೆ. ಮೊನ್ನೆ, ಎಂದಿನಂತೆ ಓದುವ ಹುಡುಗ ಬಾರದೆ, ರನ್ನನ ಗದಾಯುದ್ಧವನ್ನು ಓದಲು ಅವಳಿಗೆ ಹೇಳಿದೆ. ಅವಳು ಓದಿದಳು; ತರಗತಿ ಉಸಿರು ಬಿಗಿಹಿಡಿದು ಕೇಳಿತು. "ಇಷ್ಟು ದಿನ ಯಾಕಮ್ಮ ಓದಲಿಲ್ಲ?" ಎಂದೆ.

"ನೀವು ಕೇಳಲೇ ಇಲ್ಲವಲ್ಲ, ಸರ್."

ಆ ಪಟ್ಟಿಯಿಂದ ಅವಳ ವಿಷಯ ನನಗೇನೂ ತಿಳಿದಿರಲಿಲ್ಲ. ನನ್ನ ವಿಷಯ ಅವಳಿಗೆ ಬೇಕಾದಷ್ಟು ತಿಳಿದಿತ್ತು.